ಪದಗಳ ಬಾಲಂಗೋಚಿ

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಒಂಬತ್ತನೆಯ ತರಗತಿಯ ಇಂಗ್ಲಿಷ್ ನೋಟ್ ಪುಸ್ತಕಗಳನ್ನು ತಿದ್ದಲೆಂದು ಮನೆಗೆ ಹೊತ್ತು ತಂದಿದ್ದೆ. ರಾತ್ರಿ ಊಟದ ಪಾತ್ರೆಗಳನ್ನು ತೊಳೆದಿಟ್ಟು ಕೆಂಪು ಪೆನ್ನು ಹಿಡಿದು ಕುಳಿತೆ. ಒಬ್ಬ ಹುಡುಗಿಯ ಪುಸ್ತಕ ತಿರುವುತ್ತ ಕೊನೆಯ ಹಾಳೆಗೆ ಬಂದೆ. ಮಕ್ಕಳ ನಿಜವಾದ ಸಾಹಿತ್ಯವೆಲ್ಲ ಕೊನೆಯ ಹಾಳೆಯಲ್ಲೇ ಇರುವುದೆಂದು ಪಾಠ ಹೇಳುವವರಿಗೆಲ್ಲ ಗೊತ್ತು. ಅಲ್ಲೊಂದು ಚಿತ್ರ. ದಪ್ಪ ಕನ್ನಡಕ, ಗಂಟು ಹಾಕಿದ ತುರುಬು, ಕೈಯಲ್ಲಿ ಮರದ ಸ್ಕೇಲು, ಹಿಂದೆ ಮೊಸಳೆಯ ಹಾಗೆ ಉದ್ದನೆಯ ಬಾಲ. ಕೆಳಗೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ 'ಮಿಸ್‌ಜಿಲ್ಲಾ' ಎಂದು ಬರೆದಿತ್ತು.

ಕನ್ನಡಕ ನನ್ನದು, ತುರುಬು ನನ್ನದು, ಸ್ಕೇಲೂ ನನ್ನದೇ. ಬಾಲ ಯಾರದೆಂದು ಮಾತ್ರ ತಿಳಿಯಲಿಲ್ಲ. 'ಜಿಲ್ಲಾ' ಎಂದರೆ ನಮಗೆ ಗೊತ್ತಿರುವುದು ಜಿಲ್ಲಾ ಪಂಚಾಯತಿ, ಜಿಲ್ಲಾ ಆಸ್ಪತ್ರೆ, ಹೆಚ್ಚೆಂದರೆ ಜಿಲ್ಲಾ ಮಟ್ಟದ ಉತ್ತಮ ಶಿಕ್ಷಕಿ ಪ್ರಶಸ್ತಿ. ಆ ಪ್ರಶಸ್ತಿ ನನಗೆ ಬಂದದ್ದಿಲ್ಲ. ಮಕ್ಕಳಾದರೂ ಕೊಟ್ಟರೇನೋ ಎಂದು ಒಂದು ಗಳಿಗೆ ಉಬ್ಬಿಹೋದೆ ಎಂದರೆ ನೀವು ನಗಬಾರದು.

ನಮ್ಮ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅವಳಿಗೆ ತೋರಿಸಿದೆ. ಬಿದ್ದು ಬಿದ್ದು ನಕ್ಕಳು. "ಅಯ್ಯೋ ಚಿಕ್ಕಮ್ಮ, ಇದು ಆ ಜಿಲ್ಲಾ ಅಲ್ಲ! ನಿಮ್ಮನ್ನ ಗಾಡ್ಜಿಲ್ಲಾ ಮಾಡಿದ್ದಾಳೆ!" ಎಂದಳು. ಮದುವೆಯ ಸಂಭ್ರಮದಲ್ಲಿ ಸೀರೆ ಸರಿಯಿಲ್ಲ, ಹೂವು ಸರಿಯಿಲ್ಲ ಎಂದು ಮನೆಯವರ ಮೇಲೆಲ್ಲ ಹರಿಹಾಯುವ ಮದುವಣಗಿತ್ತಿಗೆ ಇಂಗ್ಲಿಷಿನಲ್ಲಿ 'ಬ್ರೈಡ್‌ಜಿಲ್ಲಾ' ಎನ್ನುತ್ತಾರಂತೆ. ಅದೇ ಬಾಲವನ್ನು ಆ ಹುಡುಗಿ 'ಮಿಸ್'ಗೆ ಅಂಟಿಸಿದ್ದಳು.

ಅಡ್ಡಹೆಸರು ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಂದು ಸಿಕ್ಕಿತ್ತು. ಅದರ ಕಥೆಯನ್ನು ಆಮೇಲೆ ಹೇಳುತ್ತೇನೆ. ಆ ರಾತ್ರಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಇಪ್ಪತ್ತೈದು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಪ್ರತ್ಯಯ ಕಲಿಸುತ್ತ ಬಂದಿದ್ದೇನೆ. ಕನ್ನಡದಲ್ಲಾದರೆ ಗಾರ, ವಂತ, ತನ, ಗಿತ್ತಿ. ಮಾಲೆಗಾರ, ಹಣವಂತ, ಜಾಣತನ, ಹೂವಾಡಗಿತ್ತಿ. ಇಂಗ್ಲಿಷಿನಲ್ಲಾದರೆ ನೆಸ್, ಫುಲ್, ಲೆಸ್. ಇವೆಲ್ಲ ಹಿರಿಯರು ಕೊಟ್ಟ ಒಡವೆಗಳ ಹಾಗೆ, ಹೊಸದಾಗಿ ಯಾರೂ ಮಾಡಿಸುವಂತಿಲ್ಲ ಎಂದುಕೊಂಡಿದ್ದೆ. ಆದರೆ ಇಂಗ್ಲಿಷಿನ ಜನ ಯಾವುದೋ ಪದದ ತುದಿಯನ್ನು ಹರಿದುಕೊಂಡು, ಗಾಳಿಪಟಕ್ಕೆ ಹಳೆಯ ಸೀರೆಯ ಅಂಚು ಕಟ್ಟುವ ಹಾಗೆ, ಬೇಕಾದ ಪದಕ್ಕೆ ಬಾಲಂಗೋಚಿ ಕಟ್ಟಿ ಹಾರಿಸುತ್ತಾರೆ. ನಿಘಂಟುಗಳನ್ನು ಹುಡುಕುತ್ತ ಹೋದಂತೆ ಒಂದೊಂದು ಬಾಲಂಗೋಚಿಯ ಹಿಂದೆಯೂ ಒಂದೊಂದು ಇತಿಹಾಸ ಸಿಕ್ಕಿತು. ನಾನು ಸಮಾಜ ವಿಜ್ಞಾನವನ್ನೂ ಕಲಿಸುವವಳು, ಬಿಡಲು ಮನಸ್ಸಾಗಲಿಲ್ಲ.

ಮೊದಲು ನನ್ನ ಹೆಸರಿಗೆ ಅಂಟಿದ 'ಜಿಲ್ಲಾ'ದ ಕಥೆ. 1954ರಲ್ಲಿ ಜಪಾನಿನಲ್ಲಿ 'ಗೊಜಿರ' ಎಂಬ ಸಿನಿಮಾ ಬಂತು. ಗೊರಿಲ್ಲದ 'ಗೊ'ವನ್ನು, ಜಪಾನಿ ಭಾಷೆಯಲ್ಲಿ ತಿಮಿಂಗಿಲವೆಂಬ ಅರ್ಥದ 'ಕುಜಿರ'ಕ್ಕೆ ಸೇರಿಸಿ ಮಾಡಿದ ಹೆಸರು. ಹೈಡ್ರೋಜನ್ ಬಾಂಬಿನ ಪರೀಕ್ಷೆಯಿಂದ ಕೆರಳಿ ಸಮುದ್ರದಿಂದ ಎದ್ದು ಬಂದು ಟೋಕಿಯೋ ನಗರವನ್ನು ತುಳಿಯುವ ಪ್ರಾಣಿ ಅದು. ಹಿರೋಶಿಮಾ, ನಾಗಸಾಕಿಗಳನ್ನು ಕಂಡ ಜನಕ್ಕೆ ಅದು ಬರೀ ಮಕ್ಕಳ ಸಿನಿಮಾ ಆಗಿರಲಿಲ್ಲ. ಎರಡು ವರ್ಷದ ಮೇಲೆ ಅಮೆರಿಕಕ್ಕೆ ಹೋದಾಗ ಅದು 'ಗಾಡ್ಜಿಲ್ಲಾ' ಆಯಿತು. ಅದರ ತುದಿಯನ್ನು ಕಿತ್ತು ಮದುವಣಗಿತ್ತಿಗೆ ಅಂಟಿಸಿದ 'ಬ್ರೈಡ್‌ಜಿಲ್ಲಾ' 1995ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡಿತು. ಅಣುಬಾಂಬಿನ ಭಯ ನಲವತ್ತು ವರ್ಷಗಳಲ್ಲಿ ಮದುವೆ ಮನೆಯ ತಮಾಷೆಯಾಯಿತು. ಅಳಿಯನ ಗಲಾಟೆ ನಮ್ಮ ಮದುವೆಮನೆಗಳಲ್ಲಿ ಕಡಿಮೆಯೇನಲ್ಲ. ಆದರೂ ಬಾಲ ಗಟ್ಟಿಯಾಗಿ ಅಂಟಿಕೊಂಡದ್ದು ಹೆಣ್ಣಿಗೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಹೀಗೆ ಹರಿಯುವಾಗ ಹೊಲಿಗೆ ಇರುವ ಕಡೆಯೇ ಹರಿಯಬೇಕೆಂಬ ನಿಯಮವೂ ಇಲ್ಲ. ಬೇಕರಿಯಲ್ಲಿ ಮಕ್ಕಳು ಕೇಳುವ ಬರ್ಗರನ್ನೇ ನೋಡಿ. ಅದರ ಮೂಲ 'ಹ್ಯಾಂಬರ್ಗರ್'. ಜರ್ಮನಿಯ ಹ್ಯಾಂಬರ್ಗ್ ಎಂಬ ಊರಿಗೆ 'ಅರ್' ಸೇರಿದರೆ ಆ ಊರಿನದು ಎಂದರ್ಥ. ಧಾರವಾಡಕ್ಕೆ 'ಪೇಡೆ' ಸೇರಿದ ಹಾಗೆ ಊರಿನ ಹೆಸರು ತಿಂಡಿಗೆ ಬಂತು. 'ಹ್ಯಾಮ್' ಎಂದರೆ ಇಂಗ್ಲಿಷಿನಲ್ಲಿ ಹಂದಿಮಾಂಸ. ಕೇಳಿದವರು ಪದವನ್ನು 'ಹ್ಯಾಮ್' ಮತ್ತು 'ಬರ್ಗರ್' ಎಂದು ಒಡೆದುಬಿಟ್ಟರು. ಅದರಲ್ಲಿ ಹಂದಿಮಾಂಸ ಇರಲೇ ಇಲ್ಲ! 'ಮೈಸೂರಿಗ' ಎಂಬುದನ್ನು ಯಾರೋ 'ಮೈ' ಮತ್ತು 'ಸೂರಿಗ' ಎಂದು ಒಡೆದು, ಆಮೇಲೆ ಕೈಸೂರಿಗ, ಕಾಲ್‌ಸೂರಿಗ ಎಂದು ಹೊಸ ಪದ ಮಾಡಿದರೆ ಹೇಗಿರುತ್ತದೆ? ಚೀಸ್‌ಬರ್ಗರ್, ವೆಜ್‌ಬರ್ಗರ್ ಎಲ್ಲ ಹುಟ್ಟಿದ್ದು ಹಾಗೆಯೇ. ನನ್ನ ವಿದ್ಯಾರ್ಥಿ ಪದವನ್ನು ಹೀಗೆ ಒಡೆದು ಬರೆದಿದ್ದರೆ ಅಡ್ಡಗೀಟು ಹಾಕಿ ಅರ್ಧ ಅಂಕ ಕಳೆಯುತ್ತಿದ್ದೆ.

ಇನ್ನೊಂದು 'ಹಾಲಿಕ್'. ಕುಡಿತದ ಚಟ ಹತ್ತಿದವನು ಆಲ್ಕೊಹಾಲಿಕ್. ಅದರ ಬಾಲ ಕಿತ್ತು, ಕೆಲಸದ ಚಟ ಹತ್ತಿದವರಿಗೆ 'ವರ್ಕೊಹಾಲಿಕ್' ಎಂದರು. ಅಮೆರಿಕದ ವೇಯ್ನ್ ಓಟ್ಸ್ ಎಂಬ ಧರ್ಮಬೋಧಕರು 1971ರಲ್ಲಿ ಬರೆದ ಒಂದು ಪುಸ್ತಕದಿಂದ ಆ ಪದ ಮನೆಮಾತಾಯಿತು. ಆಮೇಲೆ ಚಾಕೊಲೇಟಿನ ಚಟದವರು 'ಚಾಕೊಹಾಲಿಕ್', ಅಂಗಡಿ ಸುತ್ತುವವರು 'ಶಾಪಹಾಲಿಕ್' ಆದರು. 'ಆಲ್ಕೊಹಾಲ್' ಎಂಬ ಪದ ಬಂದದ್ದು ಅರಬ್ಬಿಯ 'ಅಲ್ ಕುಹ್ಲ್' ಎಂಬುದರಿಂದ. ಹಾಗೆಂದರೇನು ಬಲ್ಲಿರಾ? ಕಣ್ಣಿಗೆ ಹಚ್ಚುವ ಅಂಜನ, ನಮ್ಮ ಕಾಡಿಗೆ! ಅಂಜನದ ನಯವಾದ ಪುಡಿಗಿದ್ದ ಹೆಸರನ್ನು ಯುರೋಪಿನ ರಸವಾದಿಗಳು ಮೊದಲು ಎಲ್ಲ ನಯವಾದ ಪುಡಿಗೂ, ಆಮೇಲೆ ಶೋಧಿಸಿ ತೆಗೆದ ಸಾರಕ್ಕೂ, ಕೊನೆಗೆ ದ್ರಾಕ್ಷಾರಸದ ಸಾರಕ್ಕೂ ಬಳಸಿದರು. ಹೆಂಗಸರ ಕಾಡಿಗೆ ಡಬ್ಬಿಯಿಂದ ಹೊರಟ ಪದ ಗಂಡಸರ ಬಾಟಲಿಗೆ ಹೋಗಿ ಸೇರಿತು.

ವರ್ಕೊಹಾಲಿಕ್ ಎಂಬ ಪದ ಓದಿದಾಗಲೆಲ್ಲ ನನಗೆ ಅಮ್ಮನ ನೆನಪು ಬರುತ್ತದೆ. ಬೆಳಗಿನ ಐದಕ್ಕೆ ಎದ್ದು ಬಚ್ಚಲ ಒಲೆಗೆ ಉರಿ ಹಾಕಿದರೆ ರಾತ್ರಿ ಹಾಲಿಗೆ ಹೆಪ್ಪು ಹಾಕುವ ತನಕ ಅವಳು ಕೂತದ್ದನ್ನು ನಾವು ಕಂಡಿಲ್ಲ. ಕಚೇರಿಯಲ್ಲಿ ರಾತ್ರಿ ಎಂಟರವರೆಗೆ ಕೂರುವವರಿಗೆ ಆ ಬಿರುದು ಸಿಗುತ್ತದೆ. ಅಮ್ಮನಿಗೆ ಯಾರೂ ಕೊಡಲಿಲ್ಲ. ಅವಳು ಮಾಡುತ್ತಿದ್ದದ್ದು ಕೆಲಸವೆಂದು ಯಾರಿಗಾದರೂ ಅನ್ನಿಸಿದ್ದರಲ್ಲವೇ ಕೊಡಲು!

'ಥಾನ್' ಎಂಬುದೂ ಇಂಥದೇ. ಮ್ಯಾರಥಾನ್ ಎಂಬುದು ಗ್ರೀಸಿನ ಒಂದು ಬಯಲಿನ ಹೆಸರು. ಸೋಂಪಿನ ಗಿಡಗಳಿಂದ ಬಂದ ಹೆಸರಂತೆ. ಕ್ರಿ. ಪೂ. 490ರಲ್ಲಿ ಅಲ್ಲಿ ಯುದ್ಧ ನಡೆಯಿತು, ಗೆದ್ದ ಸುದ್ದಿ ಹೊತ್ತು ದೂತನೊಬ್ಬ ಅಥೆನ್ಸಿಗೆ ಓಡಿದನೆಂಬ ಕಥೆ ಬೆಳೆಯಿತು, 1896ರ ಒಲಿಂಪಿಕ್ಸಿನಲ್ಲಿ ಅದು ಓಟದ ಹೆಸರಾಯಿತು. ಈಗ ವಾಕಥಾನ್, ಹ್ಯಾಕಥಾನ್ ಎಲ್ಲ ಉಂಟು. ಸೋಂಪಿನ ವಾಸನೆ ಎಲ್ಲೂ ಉಳಿದಿಲ್ಲ.

ಕೆಲವು ಬಾಲಂಗೋಚಿಗಳು ಒಂದೇ ದಿನದಲ್ಲಿ ಹುಟ್ಟಿದವು ಎನ್ನಬಹುದು. 1957ರ ಅಕ್ಟೋಬರ್ 4ರಂದು ರಷ್ಯಾ ದೇಶದವರು 'ಸ್ಪುಟ್ನಿಕ್' ಎಂಬ ಉಪಗ್ರಹ ಹಾರಿಸಿದರು. ಆ ಪದದ ಅರ್ಥ ಸಹಪ್ರಯಾಣಿಕ. ನಡುವಿನ 'ಪುಟ್' ಎಂಬ ತುಂಡು ದಾರಿ. ನಮ್ಮ 'ಪಥ'ಕ್ಕೆ ದೂರದ ನೆಂಟ. ಹಾಗಾಗಿ ಸ್ಪುಟ್ನಿಕ್ಕನ್ನು ಸಹಪಥಿಕ ಎಂದರೆ ತಪ್ಪಾಗಲಾರದು. ನವೆಂಬರಿನಲ್ಲಿ ಲೈಕಾ ಎಂಬ ನಾಯಿಯನ್ನು ಮೇಲೆ ಕಳಿಸಿದಾಗ ಅಮೆರಿಕದ ಪತ್ರಿಕೆಗಳು ಅದನ್ನು 'ಮಟ್ನಿಕ್' ಎಂದವು. 'ಮಟ್' ಎಂದರೆ ಬೀದಿನಾಯಿ. ಡಿಸೆಂಬರಿನಲ್ಲಿ ಅಮೆರಿಕದ ಸ್ವಂತ ರಾಕೆಟ್ಟು ನೆಲ ಬಿಟ್ಟೇಳುವಷ್ಟರಲ್ಲಿ ಸಿಡಿದುಹೋದಾಗ ಅದೇ ಪತ್ರಿಕೆಗಳು ಅದಕ್ಕೆ 'ಫ್ಲಾಪ್ನಿಕ್' ಎಂದು ಹೆಸರಿಟ್ಟವು. 1958ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಂಕಣಕಾರ ಹರ್ಬ್ ಕೇನ್, ಗಡ್ಡ ಬಿಟ್ಟು ಕಾಫಿ ಅಂಗಡಿಗಳಲ್ಲಿ ಕವಿತೆ ಓದುತ್ತಿದ್ದ 'ಬೀಟ್' ಪಂಗಡದ ಹುಡುಗರನ್ನು 'ಬೀಟ್ನಿಕ್' ಎಂದು ಹಂಗಿಸಿದರು. ಯಹೂದಿಗಳ ಯಿಡ್ಡಿಷ್ ಭಾಷೆಯಿಂದ ಈ 'ನಿಕ್' ಅಮೆರಿಕಕ್ಕೆ ಮೊದಲೇ ಬಂದಿತ್ತು. ಅದಕ್ಕೆ ರೆಕ್ಕೆ ಕೊಟ್ಟದ್ದು ಸ್ಪುಟ್ನಿಕ್.

'ಗೇಟ್' ಅಂತೂ ನಿಮಗೆ ಗೊತ್ತೇ ಇದೆ. 1972ರ ಜೂನ್ 17ರಂದು ವಾಷಿಂಗ್ಟನ್ನಿನ ವಾಟರ್‌ಗೇಟ್ ಎಂಬ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿದವರು ಸಿಕ್ಕಿಬಿದ್ದರು. 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಯಿತು. ಪಾಪ, ಕಟ್ಟಡದ ಹೆಸರು ಏನು ತಪ್ಪು ಮಾಡಿತ್ತು? ಆಮೇಲೆ ಯಾವ ಹಗರಣವಾದರೂ 'ಗೇಟ್' ಇಲ್ಲದೆ ಒಳಗೆ ಬರುವುದಿಲ್ಲ. 2012ರಲ್ಲಿ ನಮ್ಮ ದೇಶದ ಕಲ್ಲಿದ್ದಲು ಹಗರಣಕ್ಕೆ ಇಂಗ್ಲಿಷ್ ಪತ್ರಿಕೆಗಳು 'ಕೋಲ್‌ಗೇಟ್' ಎಂದಾಗ, ಬಚ್ಚಲುಮನೆಯ ಟೂತ್‌ಪೇಸ್ಟನ್ನು ನೋಡಿ ನಗದವರಾರು?

ಇಷ್ಟರವರೆಗೆ ಎಲ್ಲ ಆಟವೇ. ಇನ್ನು ಹೇಳುವ ಬಾಲಂಗೋಚಿ ಆಟದ್ದೆಂದು ಶುರುವಾಗಿ ಬೇರೆ ಕಡೆಗೆ ಹೋಯಿತು. ಅದು 'ಎಟ್', ಫ್ರೆಂಚಿನಿಂದ ಬಂದದ್ದು. ಮೊದಲ ಅರ್ಥ ಪುಟ್ಟದು. ಸಿಗಾರಿಗಿಂತ ಪುಟ್ಟದು ಸಿಗರೆಟ್. ಪುಟ್ಟ ಅಡಿಗೆಮನೆ ಕಿಚನೆಟ್. ಆಮೇಲೆ ಇನ್ನೊಂದು ಅರ್ಥ ಸೇರಿತು: ನಕಲಿ. ಚರ್ಮದಂತೆ ಕಾಣುವ, ಚರ್ಮವಲ್ಲದ ಬಟ್ಟೆ ಲೆದರೆಟ್. ಮೂರನೆಯ ಅರ್ಥವೂ ಬಂತು: ಹೆಣ್ಣು. ಸಿನಿಮಾ ಮಂದಿರದಲ್ಲಿ ಟಾರ್ಚು ಹಿಡಿದು ಜಾಗ ತೋರಿಸುವವಳು ಅಶರೆಟ್. ಪುಟ್ಟದು, ನಕಲಿ, ಹೆಣ್ಣು, ಮೂರಕ್ಕೂ ಒಂದೇ ಬಾಲ! ವ್ಯಾಕರಣದ ಪುಸ್ತಕ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ನನಗೆ ಅಷ್ಟು ಬೇಗ ಮುಗಿಸಲಾಗಲಿಲ್ಲ.

ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಪಾರ್ಲಿಮೆಂಟಿನ ಮತ ಇಲ್ಲದ ಕಾಲ. ಮತದ ಹಕ್ಕಿಗೆ ಅಲ್ಲಿ 'ಸಫ್ರೇಜ್' ಎಂಬ ಪದ. ಅದಕ್ಕಾಗಿ ಅರ್ಜಿ ಬರೆದು, ಸಭೆ ನಡೆಸಿ, ಸೌಮ್ಯವಾಗಿ ಕೇಳುತ್ತಿದ್ದವರು 'ಸಫ್ರಜಿಸ್ಟ್'. 'ಇಸ್ಟ್' ಮರ್ಯಾದಸ್ಥ ಬಾಲ. ಒಂದು ಸಿದ್ಧಾಂತವನ್ನು ನಂಬಿದವರು ಎಂದು ಅರ್ಥ. ಕೇಳಿ ಕೇಳಿ ಸಾಕಾಗಿ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಎಂಬಾಕೆ ಬೇರೆ ಸಂಘ ಕಟ್ಟಿದರು. 1905ರ ಅಕ್ಟೋಬರಿನಲ್ಲಿ ಅವರ ಮಗಳು ಕ್ರಿಸ್ಟಬೆಲ್ ಮತ್ತು ಹತ್ತಿ ಗಿರಣಿಯಲ್ಲಿ ದುಡಿದ ಆ್ಯನಿ ಕೆನ್ನಿ ಒಂದು ರಾಜಕೀಯ ಸಭೆಯಲ್ಲಿ ಎದ್ದು ನಿಂತು, ನಿಮ್ಮ ಸರ್ಕಾರ ಹೆಂಗಸರಿಗೆ ಮತ ಕೊಡುತ್ತದೆಯೇ ಎಂದು ಕೇಳಿದರು. ಉತ್ತರ ಬರಲಿಲ್ಲ, ಇಬ್ಬರನ್ನೂ ಎಳೆದು ಹೊರಹಾಕಿದರು. ದಂಡ ಕಟ್ಟಲು ಒಪ್ಪದೆ ಇಬ್ಬರೂ ಜೈಲಿಗೆ ಹೋದರು.

ಪತ್ರಿಕೆಗಳಿಗೆ ಇವರನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. 1906ರ ಜನವರಿಯಲ್ಲಿ 'ಡೈಲಿ ಮೇಲ್' ಪತ್ರಿಕೆಯ ಚಾರ್ಲ್ಸ್ ಹ್ಯಾಂಡ್ಸ್ ಎಂಬ ವರದಿಗಾರ 'ಇಸ್ಟ್' ತೆಗೆದು 'ಎಟ್' ಅಂಟಿಸಿ 'ಸಫ್ರಜೆಟ್' ಎಂದು ಬರೆದರು. ಪುಟ್ಟದು, ನಕಲಿ, ಹೆಣ್ಣು, ಮೂರೂ ಅದರಲ್ಲಿತ್ತು. ಓದಿದ ಗಂಡಸರು ನಕ್ಕಿರಬೇಕು.

ಆ ಹೆಂಗಸರು ಕೋಪ ಮಾಡಿಕೊಂಡು ಕೂರಲಿಲ್ಲ. ಆ ಪದವನ್ನೇ ಸೆರಗಿನಲ್ಲಿ ಕಟ್ಟಿಕೊಂಡರು. 1912ರಲ್ಲಿ ತಮ್ಮ ಪತ್ರಿಕೆಗೆ 'ದಿ ಸಫ್ರಜೆಟ್' ಎಂದೇ ಹೆಸರಿಟ್ಟರು. 'ಜೆಟ್' ಎನ್ನುವ ಕಡೆ 'ಗೆಟ್' ಎಂದು ಒತ್ತಿ ಹೇಳಿದರೆ ಇಂಗ್ಲಿಷಿನಲ್ಲಿ ಪಡೆ ಎಂದಾಗುತ್ತದಲ್ಲ. ಸಫ್ರಜಿಸ್ಟರು ಮತ ಬೇಕೆನ್ನುತ್ತಾರೆ, ನಾವು ಪಡೆದೇ ತೀರುತ್ತೇವೆ ಎಂದು ತಮಾಷೆ ಮಾಡಿಕೊಂಡರು. ಬೀದಿಯಲ್ಲಿ ಏಟು ತಿಂದರು, ಕಿಟಕಿಯ ಗಾಜು ಒಡೆದರು, ಜೈಲಿನಲ್ಲಿ ಉಪವಾಸ ಕೂತರು. 1909ರಿಂದ ಅವರ ಗಂಟಲಿಗೂ ಮೂಗಿಗೂ ರಬ್ಬರು ನಳಿಗೆ ತುರುಕಿ ಬಲವಂತವಾಗಿ ಗಂಜಿ ಹುಯ್ದರು. 1918ರಲ್ಲಿ ಮೂವತ್ತು ದಾಟಿದ, ಆಸ್ತಿಯ ಷರತ್ತಿಗೆ ಒಳಪಟ್ಟ ಹೆಂಗಸರಿಗೆ ಮತ ಬಂತು. ಗಂಡಸರಿಗೆ ಸಮನಾಗಿ ಇಪ್ಪತ್ತೊಂದಕ್ಕೇ ಬಂದದ್ದು 1928ರಲ್ಲಿ. ಅವರು ಮಾಡಿದ ಗಾಜು ಒಡೆಯುವ, ಬೆಂಕಿ ಇಡುವ ಕೆಲಸವನ್ನೆಲ್ಲ ನಾನು ಒಪ್ಪಿದೆನೆಂದಲ್ಲ. ಆದರೆ ಹಂಗಿಸಲು ಹುಟ್ಟಿದ ಆ ಪದ ಈಗ ನಮ್ಮ ಶಾಲೆಯ ಪುಸ್ತಕದಲ್ಲೂ ಗೌರವದಿಂದ ಕೂತಿದೆ. ಹಂಗಿಸಿದವರ ಹೆಸರನ್ನು ಹುಡುಕಿ ತೆಗೆಯಬೇಕಾಯಿತು.

ಈ ಕಥೆ ಬರೀ ಬಿಳಿಯರದೆಂದು ತಿಳಿಯಬೇಡಿ. ಲಾಹೋರಿನ ಕೊನೆಯ ಮಹಾರಾಜ ದುಲೀಪ್ ಸಿಂಗರ ಮಗಳು ಸೋಫಿಯಾ, ಲಂಡನ್ನಿನ ಬಳಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಬಾಗಿಲಲ್ಲಿ ನಿಂತು 'ದಿ ಸಫ್ರಜೆಟ್' ಪತ್ರಿಕೆ ಮಾರಿದವರು. ಇದೇ ಹೋರಾಟದಲ್ಲಿ ಜೈಲು ಕಂಡ ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಹೆಂಗಸರ ಮತಕ್ಕಾಗಿ ದುಡಿದರು. 1926ರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಯ ಚುನಾವಣೆಗೆ ನಿಂತಾಗ ಬೆನ್ನಿಗೆ ನಿಂತು ಹುರಿದುಂಬಿಸಿದವರೂ ಇದೇ ಕಸಿನ್ಸ್. ಕಮಲಾದೇವಿ ಸ್ವಲ್ಪದರಲ್ಲೇ ಸೋತರು. ಆದರೆ ಹೆಣ್ಣೊಬ್ಬಳು ಚುನಾವಣೆಗೆ ನಿಲ್ಲಬಹುದೆಂದು ಊರು ಕಂಡಿತು.

ಈಗ ನನ್ನ ಮೊದಲ ಅಡ್ಡಹೆಸರಿನ ಕಥೆ. ನಾನು ಕೆಲಸಕ್ಕೆ ಸೇರಿದ ಹಳ್ಳಿಯ ಹೈಸ್ಕೂಲಿನಲ್ಲಿ ಹುಡುಗಿಯರಿಗೂ ನಮಗೂ ಶೌಚಾಲಯ ಇರಲಿಲ್ಲ. ದೊಡ್ಡ ಹುಡುಗಿಯರು ತಿಂಗಳಿಗೆ ಮೂರು ನಾಲ್ಕು ದಿನ ಶಾಲೆಗೇ ಬರುತ್ತಿರಲಿಲ್ಲ. ನಾವು ಮೂವರು ಶಿಕ್ಷಕಿಯರು ಬೆಳಗಿನಿಂದ ನೀರು ಕುಡಿಯದೆ ಸಂಜೆಯ ಬಸ್ಸಿಗೆ ಕಾಯುತ್ತಿದ್ದೆವು. ನಾನು ಒಂದು ಅರ್ಜಿ ಬರೆದು, ಇನ್ನಿಬ್ಬರ ಸಹಿ ಹಾಕಿಸಿ, ಮೇಲಿನವರಿಗೆ ಕೊಟ್ಟೆ. ಮರುದಿನ ಸ್ಟಾಫ್ ರೂಮಿಗೆ ಕಾಲಿಟ್ಟಾಗ ಹಿರಿಯರೊಬ್ಬರು "ಬಂದ್ರು ನೋಡ್ರಪ್ಪಾ ಲೀಡರಮ್ಮ" ಎಂದರು. ಎಲ್ಲರೂ ನಕ್ಕರು. 'ಅಮ್ಮ' ನಮ್ಮಲ್ಲಿ ಎಷ್ಟು ಗೌರವದ ಬಾಲ! ಡಾಕ್ಟರಮ್ಮ, ಟೀಚರಮ್ಮ. ಅದನ್ನೂ ಹೀಗೆ ತಿರುವಬಹುದೆಂದು ಅಂದು ಗೊತ್ತಾಯಿತು. ಬಜಾರಿ, ಬಾಯಿಬಡುಕಿ, ಗಂಡುಬೀರಿ. ದನಿ ಎತ್ತಿದ ಹೆಣ್ಣಿಗೆ ಕನ್ನಡದಲ್ಲೂ ಪದಗಳ ಬರ ಇಲ್ಲ.

ಮನೆಗೆ ಬಂದು ಅತ್ತೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, "ಲೀಡರ್ರೂ ಅಂದಿದ್ದಾರೆ, ಅಮ್ಮಾನೂ ಅಂದಿದ್ದಾರೆ. ಇದರಲ್ಲಿ ಕೆಟ್ಟದ್ದು ಯಾವುದೇ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೆರಡು ಅರ್ಜಿ ಬರೆದೆ. ಎರಡು ವರ್ಷದ ಮೇಲೆ ಶೀಟು ಹೊದಿಸಿದ ಎರಡು ಪುಟ್ಟ ಕೋಣೆಗಳು ಬಂದವು. ಉದ್ಘಾಟನೆಯ ಭಾಷಣದಲ್ಲಿ ನಮ್ಮ ಮೂವರ ಹೆಸರು ಬರಲಿಲ್ಲ. ಆದರೆ ಹುಡುಗಿಯರು ಪಾಠದ ನಡುವೆ ಕೈಯೆತ್ತಿ, "ಮಿಸ್, ಲೀಡರಮ್ಮನ ಮನೆಗೆ ಹೋಗಿ ಬರ್ಲಾ?" ಎಂದು ಕೇಳತೊಡಗಿದರು. ನಾನು ವರ್ಗವಾಗಿ ಬಂದ ಮೇಲೂ ಆ ಹೆಸರು ಬಹಳ ವರ್ಷ ಉಳಿದಿತ್ತೆಂದು ಕೇಳಿದ್ದೇನೆ. ಯಾವ ಪ್ರಶಸ್ತಿಗೂ ಅಷ್ಟು ಆಯುಸ್ಸಿರುವುದಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈಚಿನ ಬಾಲಂಗೋಚಿ ಒಂದು ಹೆಂಗಸರ ಕೈಯಿಂದಲೇ ಹಾರಿದೆ. ರೆಬೆಕಾ ಸೋಲ್ನಿಟ್ ಎಂಬ ಅಮೆರಿಕದ ಲೇಖಕಿ 2008ರಲ್ಲಿ ಒಂದು ಪ್ರಬಂಧ ಬರೆದರು. ಔತಣಕ್ಕೆ ಹೋಗಿದ್ದಾಗ ಮನೆಯ ಯಜಮಾನ, ಆ ವರ್ಷ ಛಾಯಾಗ್ರಾಹಕ ಮೈಬ್ರಿಜ್ ಬಗ್ಗೆ ಬಂದ ಮಹತ್ವದ ಪುಸ್ತಕವೊಂದರ ವಿಚಾರವನ್ನು ಅವರಿಗೆ ಪಾಠ ಹೇಳುವಂತೆ ಹೇಳತೊಡಗಿದರು. ಪಕ್ಕದಲ್ಲಿದ್ದ ಗೆಳತಿ, ಅದು ಇವಳೇ ಬರೆದ ಪುಸ್ತಕ ಎಂದು ಮೂರು ನಾಲ್ಕು ಸಲ ಹೇಳಿದ ಮೇಲೆ ಆತನಿಗೆ ಕಿವಿ ಕೇಳಿಸಿತು. ಆತ ಓದಿದ್ದು ಪುಸ್ತಕವನ್ನಲ್ಲ, ಅದರ ವಿಮರ್ಶೆಯನ್ನು! ಆ ಪ್ರಬಂಧ ಓದಿದವರಲ್ಲಿ, 'ಎಕ್ಸ್‌ಪ್ಲೇನ್' ಎಂಬುದರ ತುದಿ ಹರಿದು ಗಂಡಸಿಗೆ ಅಂಟಿಸಿದ 'ಮ್ಯಾನ್‌ಸ್ಪ್ಲೇನ್' ಎಂಬ ಪದ ಬಹುಬೇಗ ಹರಡಿತು. ಸೋಲ್ನಿಟ್ ಆ ಪದವನ್ನು ಹುಟ್ಟಿಸಿದವರಲ್ಲ. ಅನುಭವ ಎಲ್ಲ ಹೆಂಗಸರಿಗೂ ಇತ್ತು, ಹೆಸರು ಇರಲಿಲ್ಲ. ನಮ್ಮ ಅಡಿಗೆಮನೆಗೆ ಬಂದು ಉಪ್ಪಿಟ್ಟಿಗೆ ರವೆ ಹುರಿಯುವುದು ಹೇಗೆಂದು ತಿಳಿಸಿಕೊಡುವವರನ್ನು ನೆನೆದುಕೊಂಡರೆ ಅರ್ಥ ತಾನಾಗಿ ತಿಳಿಯುತ್ತದೆ.

ಆ ನೋಟ್ ಪುಸ್ತಕದ ಕೊನೆಯ ಹಾಳೆಯನ್ನು ನಾನು ಹರಿಯಲಿಲ್ಲ. 'ಬಾಲ ಸ್ವಲ್ಪ ಉದ್ದವಾಯಿತು' ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದೆ. ಮರುದಿನ ಪ್ರತ್ಯಯದ ಪಾಠಕ್ಕೆ 'ಮಿಸ್‌ಜಿಲ್ಲಾ' ಎಂದೇ ಹಲಗೆಯ ಮೇಲೆ ಬರೆದಾಗ ಆ ಹುಡುಗಿ ಬೆಂಚಿನ ಕೆಳಗೆ ತಲೆ ಅಡಗಿಸಿದಳು. ಆಮೇಲೆ ತರಗತಿಯಲ್ಲಿ ಸಂತೆಯ ಗದ್ದಲ. 'ಹೋಂವರ್ಕೊಹಾಲಿಕ್' ಒಬ್ಬ ಎಂದ. ಬಿಸಿಯೂಟದಲ್ಲಿ ದಿನವೂ ಸಾಂಬಾರೇ ಎಂದು 'ಸಾಂಬಾರಥಾನ್' ಇನ್ನೊಬ್ಬಳು. ಗದ್ದಲ ಇಳಿದ ಮೇಲೆ, ತಲೆ ಅಡಗಿಸಿದ್ದ ಹುಡುಗಿ ಮೆಲ್ಲಗೆ ಎದ್ದು ಕೇಳಿದಳು: "ಮಿಸ್, ಜೋರು ಮಾಡೋ ಹೆಂಗಸರಿಗೆ ಇಷ್ಟೊಂದು ಪದ ಇವೆ. ಜೋರು ಮಾಡೋ ಗಂಡಸರಿಗೆ ಏನಂತಾರೆ?"

"ಹೆಡ್ ಮಾಸ್ಟರ್ ಅಂತಾರೆ" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ನಗುವನ್ನು ತಡೆದುಕೊಂಡು, ಅದಕ್ಕೆ ಇನ್ನೂ ಒಳ್ಳೆಯ ಪದವಿಲ್ಲ, ನೀನೇ ಒಂದು ಮಾಡು ಎಂದೆ. ಅವಳು ಕೂತು ಪುಸ್ತಕದ ಕೊನೆಯ ಹಾಳೆ ತೆರೆದಳು.